ಸೈಕಲ್ ಸವಾರರು ಎಷ್ಟು ಬದಿಗೆ ಸರಿಯಬೇಕು?

ಪ್ರಶ್ನೆ: ಒಂಬತ್ತನೇ ತರಗತಿಯ ನನ್ನ ಮಗ ನಾಲ್ಕು ಕಿಲೋಮೀಟರ್ ದೂರದ ಪ್ರೌಢಶಾಲೆಗೆ ಸೈಕಲ್‌ನಲ್ಲಿ ಹೋಗಿಬರುತ್ತಾನೆ. ಕಳೆದ ತಿಂಗಳು ಬಸ್ಸೊಂದು ಬಿಡದೆ ಹಾರನ್ ಹೊಡೆಯುತ್ತಾ, ಹ್ಯಾಂಡಲ್‌ಗೆ ತಾಗುವಷ್ಟು ಹತ್ತಿರದಿಂದ ಮುಂದೆ ಹೋದಾಗ ಅವನು ಗಾಬರಿಯಾಗಿ ಮಣ್ಣಿಗಿಳಿದು ಬಿದ್ದ. ಮಂಡಿ ತರಚಿತು. ಬಸ್ಸು ನಿಲ್ಲಲಿಲ್ಲ. ಊರಿನವರು, ಬದಿಗಿರಬೇಕಿತ್ತೆಂದು ಅವನನ್ನೇ ಬೈದರು. ತಪ್ಪು ಯಾರದು? ಇಷ್ಟು ಸಣ್ಣ ಪೆಟ್ಟಿಗೆ ದೂರು ಕೊಡಬಹುದೇ?
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ತಪ್ಪು ನಿಮ್ಮ ಮಗನದಲ್ಲ ತಾಯಿ, ಇದನ್ನು ಅವನಿಗೂ ಸ್ಪಷ್ಟವಾಗಿ ಹೇಳಿ. ನಿಧಾನವಾಗಿ ಹೋಗುವವರು ಎಡಕ್ಕಿರಬೇಕೆಂಬುದು ಸರಿ. ಆದರೆ ಎಡಕ್ಕಿರುವುದೆಂದರೆ ಡಾಂಬರು ಬಿಟ್ಟು ಇಳಿಯುವುದೆಂದಲ್ಲ. ನಮ್ಮ ಜಿಲ್ಲಾ ರಸ್ತೆಗಳಲ್ಲಿ ಅನೇಕ ಕಡೆ ಡಾಂಬರಿನ ಅಂಚು ಪಕ್ಕದ ಮಣ್ಣಿಗಿಂತ ನಾಲ್ಕು ಬೆರಳಷ್ಟು ಎತ್ತರದಲ್ಲಿರುತ್ತದೆ, ಜಲ್ಲಿ, ಮರಳು, ಗುಂಡಿಗಳೆಲ್ಲ ಆ ಅಂಚಿನಲ್ಲೇ ಸೇರುತ್ತವೆ, ಚಕ್ರ ಒಮ್ಮೆ ಜಾರಿದರೆ ಮತ್ತೆ ಮೇಲೇರಿಸುವಾಗಲೇ ಸವಾರ ಬೀಳುವುದು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಹುಡುಗ ಅಂಚಿಗೇ ಅಂಟಿಕೊಂಡಷ್ಟೂ ಹಿಂದಿನ ಚಾಲಕನಿಗೆ ವೇಗ ಇಳಿಸದೆ ನುಗ್ಗಿಬಿಡಬಹುದೆಂದು ತೋರುತ್ತದೆ. ಅವನು ಅಂಚಿನಿಂದ ಮೊಳಕ್ಕಿಂತ ಸ್ವಲ್ಪ ಹೆಚ್ಚು ಒಳಗಿದ್ದರೆ, ಎದುರಿನ ವಾಹನ ದಾಟಿಹೋಗುವವರೆಗೆ ಚಾಲಕ ಕಾಯಲೇಬೇಕಾಗುತ್ತದೆ. ಭಾರಿ ವಾಹನ ತೀರ ಹತ್ತಿರದಿಂದ ಹಾದಾಗ ಗಾಳಿ ಮೊದಲು ಸೈಕಲನ್ನು ಹೊರಕ್ಕೆ ತಳ್ಳಿ, ಮರುಕ್ಷಣವೇ ಒಳಕ್ಕೆ ಸೆಳೆಯುವುದರಿಂದ, ತಾಗದಿದ್ದರೂ ಬೀಳಿಸಬಲ್ಲದು.

ದೂರು ಖಂಡಿತ ಕೊಡಬಹುದು. ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನ ಪ್ರಕಾರ, 2019ರ ತಿದ್ದುಪಡಿಯ ನಂತರ, ನಿಯಮ ಮೀರಿ ಅಪಾಯವಾಗುವಂತೆ ಇನ್ನೊಂದು ವಾಹನವನ್ನು ಹಿಂದಿಕ್ಕುವುದೂ ಅಪಾಯಕಾರಿ ಚಾಲನೆಯೇ. ಮೊದಲ ಬಾರಿಗೆ 1,000ದಿಂದ 5,000 ರೂಪಾಯಿ ದಂಡ, ಅಥವಾ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ಕಾಯ್ದೆ ಹೇಳುತ್ತದೆ. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮಿಗೆ ಗಾಯವೇ ಆಗಬೇಕೆಂದಿಲ್ಲ, ಜೀವಕ್ಕೆ ಅಪಾಯವಾಗುವಂಥ ದುಡುಕಿನ ಚಾಲನೆಯಷ್ಟೇ ಸಾಕು. ಬಸ್ಸಿನ ನಂಬರ್, ಸ್ಥಳ, ಸಮಯ ಬರೆದು ಠಾಣೆಗೆ ಕೊಡಿ, ಪರ್ಮಿಟ್ ನೋಡಿಕೊಳ್ಳುವ ಸಾರಿಗೆ ಕಚೇರಿಗೂ ಒಂದು ಪ್ರತಿ ಕೊಡಿ, ಮಂಡಿಗೆ ಚಿಕಿತ್ಸೆ ಕೊಡಿಸಿದ ಚೀಟಿ ಇದ್ದರೆ ಲಗತ್ತಿಸಿ. ನಂಬರ್ ಸಿಗದಿದ್ದರೂ ಬಸ್ಸಿನ ಬಣ್ಣ ಮತ್ತು ಮಾರ್ಗ ಬರೆಯಿರಿ. ಒಂದೇ ಮಾರ್ಗದಲ್ಲಿ ದಿನವೂ ಅದೇ ಹೊತ್ತಿಗೆ ಓಡುವ ಬಸ್ಸನ್ನು ಗುರುತಿಸುವುದು ಕಷ್ಟವಲ್ಲ.

ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದ್ದು ಹಳ್ಳಿಯ ಮಕ್ಕಳು ಪ್ರೌಢಶಾಲೆ ಬಿಡಬಾರದೆಂದು. ಬಸ್ಸಿಗೆ ಹೆದರಿ ಯಾವ ಮಗುವೂ ಸೈಕಲ್ ಮೂಲೆಗಿಡುವಂತಾಗಬಾರದು ಎಂಬ ಕಾರಣಕ್ಕಾದರೂ ನೀವು ಈ ದೂರು ಬರೆಯಲೇಬೇಕು.

ಪ್ರಶ್ನೆ: ನಾನು ಕಾರು ಓಡಿಸುತ್ತೇನೆ. ಸೈಕಲ್‌ನವರು ಗುಂಡಿ ತಪ್ಪಿಸಲು ದಿಢೀರನೆ ಬಲಕ್ಕೆ ಬರುತ್ತಾರೆ. ಹಾರನ್ ಹೊಡೆಯದೆ ಏನು ಮಾಡಲಿ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಗುಂಡಿ ನಿಮಗೂ ಕಾಣುತ್ತದಲ್ಲವೇ? ಸವಾರ ಅತ್ತ ಹೋಗಲಾರನೆಂದು ಮೊದಲೇ ಎಣಿಸಿ ವೇಗ ಇಳಿಸಿ. ದೂರದಿಂದಲೇ ಒಮ್ಮೆ ಮೆಲ್ಲಗೆ ಹಾರನ್ ಮಾಡಿದರೆ ಅದು ಎಚ್ಚರಿಕೆ. ಬೆನ್ನ ಹಿಂದೆ ಬಂದು ಒತ್ತಿಹಿಡಿದರೆ ಸವಾರ ಬೆಚ್ಚಿ, ನೀವು ಹೆದರುವ ಕಡೆಗೇ ತಿರುಗುತ್ತಾನೆ. ಹಿಂದಿಕ್ಕುವಾಗ ಎಷ್ಟು ಅಂತರ ಬಿಡಬೇಕೆಂಬುದಕ್ಕೆ ಬ್ರಿಟನ್ನಿನ ಸಂಚಾರ ಸಂಹಿತೆ 2022ರಲ್ಲಿ ಹೇಳಿದ ಅಳತೆ ಇಲ್ಲಿಯೂ ಒಳ್ಳೆಯದು: ಗಂಟೆಗೆ ಸುಮಾರು 48 ಕಿ.ಮೀ. ವೇಗದವರೆಗೆ ಕನಿಷ್ಠ ಒಂದೂವರೆ ಮೀಟರ್, ವೇಗ ಹೆಚ್ಚಿದರೆ ಇನ್ನೂ ಹೆಚ್ಚು. ಅಷ್ಟು ಜಾಗವಿಲ್ಲದಿದ್ದರೆ ಹಿಂದೆಯೇ ಇರಿ. ಕಾರು ನಿಲ್ಲಿಸಿದ ಮೇಲೂ ಬಲಬದಿಯ ಬಾಗಿಲನ್ನು ಎಡಗೈಯಿಂದ ತೆರೆಯಿರಿ. ಆಗ ಮೈ ತಾನಾಗಿ ತಿರುಗಿ, ಹಿಂದಿನಿಂದ ಬರುತ್ತಿರುವ ಸೈಕಲ್ ಕಣ್ಣಿಗೆ ಬೀಳುತ್ತದೆ.