ಯಾರ ಮುಖ ತೋರಿಸಿ ಕೇಳಬೇಕು?

ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದಿದ್ದೇನೆ. ವಯಸ್ಸು, ಮನೆ, ಊರಿನ ವಿವರ ಬದಲಿಸಿದೆ. ಬರೆದದ್ದನ್ನು ಮೊದಲು ಅವರಿಗೇ ಓದಲು ಕೊಟ್ಟು, ಬೇಡವೆಂದ ಸಾಲುಗಳನ್ನು ತೆಗೆದೆ.

ಅವರು ಕಲ್ಯಾಣ ಕರ್ನಾಟಕದ ಸಣ್ಣ ಸ್ವಯಂಸೇವಾ ಸಂಸ್ಥೆಯೊಂದರ ಕಾರ್ಯಕರ್ತೆ. ನಲವತ್ತು ದಾಟಿದೆ. ಶಾಲೆ ಬಿಟ್ಟ ಹೆಣ್ಣುಮಕ್ಕಳನ್ನು ಮರಳಿ ಶಾಲೆಗೆ ಕರೆತರುವುದು ಅವರ ಕೆಲಸ, ಅದೂ ಹತ್ತಿ ಬೀಜೋತ್ಪಾದನೆ ನಡೆಯುವ ಊರುಗಳಲ್ಲಿ. ಸಂಜೆ ಮೊಗ್ಗು ಬಿಡಿಸಿ ಗಂಡುಕೇಸರ ಕಿತ್ತು, ಮರುದಿನ ಬೆಳಿಗ್ಗೆ ಬೇರೆ ಹೂವಿನ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಸಣ್ಣ ಬೆರಳುಗಳೇ ಆಗಬೇಕು ಎಂಬ ಮಾತು ಅಲ್ಲಿದೆ. ಆ ಕೆಲಸ ಶುರುವಾಯಿತೆಂದರೆ ತರಗತಿಯಲ್ಲಿ ಹುಡುಗಿಯರ ಸಾಲು ತೆಳ್ಳಗಾಗುತ್ತದೆ.

ಅಕ್ಕನ ಒತ್ತಾಯಕ್ಕೆ ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದಿದ್ದರು. ನಿದ್ದೆ ಇಲ್ಲ, ಎದೆಯುರಿ, ಫೋನ್ ಸದ್ದಾದರೆ ಬೆಚ್ಚುವುದು. ರಾಜೀನಾಮೆ ಬರೆದಿಟ್ಟುಕೊಂಡಿದ್ದರು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಇದನ್ನು ಸುತ್ತಿಬಳಸಿ ಕೇಳಬಾರದು. ಇಲ್ಲ ಎಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ಸಂಖ್ಯೆ 14416 ಬರೆದುಕೊಟ್ಟೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನನ್ನ ಕೋಣೆಯವರೆಗೆ ಬರಲಾಗದ ದಿನಕ್ಕೆ ಅದು ಬೇಕಾಗುತ್ತದೆ.

ಪ್ರಚಾರವೆಂದರೆ ಅವರಿಗೆ ಮೊದಲಿನಿಂದಲೂ ಅಸಹ್ಯ. "ಫೋಟೋ ಹಾಕ್ಕೊಂಡು ಕುಂತ್ರ ಹುಡುಗಿ ಸಾಲಿಗಿ ಬರ್ತಾಳೇನ್ರಿ ಮೇಡಂ?" ಎಂದು ನನಗೂ ಕೇಳಿದರು. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ನಂಬಿದ ಮನೆಯಲ್ಲಿ ಬೆಳೆದವರು. ಆ ನಂಬಿಕೆ ಅಲುಗಾಡಿದ್ದು ಹಣದ ಕಷ್ಟಕ್ಕೆ. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂದು, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ಹಂಚುವುದು ನಿಂತಿತು. ದೊಡ್ಡ ಸಂಸ್ಥೆಯ ಮೂಲಕ ಇವರಿಗೆ ಬರುತ್ತಿದ್ದ ಪಾಲು ಹೋಯಿತು. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣ ಇದೆಯಲ್ಲ ಎನ್ನಬಹುದು. 2013ರ ಕಂಪನಿ ಕಾಯ್ದೆಯಲ್ಲಿ, ನಿಗದಿತ ಮಿತಿ ಮೀರಿದ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ವ್ಯಯಿಸಬೇಕೆಂದಿದೆ ನಿಜ. ತಾವಿರುವ ಪ್ರದೇಶಕ್ಕೆ ಆದ್ಯತೆ ಕೊಡಿ ಎಂದೂ ಇದೆ. ಕಾರ್ಖಾನೆಯೇ ಇಲ್ಲದ ತಾಲ್ಲೂಕಿಗೆ ಆ ಆದ್ಯತೆ ಎಲ್ಲಿಂದ ಬರಬೇಕು?

ಹೀಗೆ ಇನ್‌ಸ್ಟಾಗ್ರಾಂ ಖಾತೆ ಇವರ ಕೈಗೆ ಬಂತು. ಊರೂರು ತಿರುಗುವವರು ಅವರೇ, ಫೋನೂ ಅವರದೇ. ಹತ್ತಿ ಹೊಲದಿಂದ ಬಿಡಿಸಿ ತಂದ ಹುಡುಗಿಯೊಬ್ಬಳು ಅಳುತ್ತ ಮಾತಾಡಿದ ರೀಲ್ಸ್ ಒಂದನ್ನು ಹಾಕಿದರು. ಅದು ಲಕ್ಷಗಟ್ಟಲೆ ಜನರಿಗೆ ತಲುಪಿತು. ದೇಣಿಗೆ ಬಂತು, ಬಾಕಿ ಬಿದ್ದ ಸಂಬಳ ಆಯಿತು. ಇಷ್ಟು ವರ್ಷ ತಾವು ದಡ್ಡರಾಗಿದ್ದೆವು, ಇದನ್ನು ಯಾವತ್ತೋ ಮಾಡಬೇಕಿತ್ತು ಅನ್ನಿಸಿತಂತೆ. ರಾತ್ರಿ ಎದ್ದೆದ್ದು ಎಷ್ಟು ಜನ ನೋಡಿದರು ಎಂದು ನೋಡತೊಡಗಿದರು. ಆಮೇಲೆ ಹೇಳಿದ ಮಾತನ್ನು ಅವರು ನೆಲ ನೋಡುತ್ತ ಹೇಳಿದರು: ಶಾಲೆಗೆ ಹೋದಾಗ ಮಕ್ಕಳ ಮುಖ ನೋಡಿ, ಯಾವ ಮುಖ ವಿಡಿಯೊಗೆ ಆದೀತು ಎಂದು ಲೆಕ್ಕ ಹಾಕುವುದು ರೂಢಿಯಾಗಿತ್ತು.

ಆ ವಿಡಿಯೊ ಸುತ್ತಿ ಸುತ್ತಿ ಹುಡುಗಿಯ ಊರಿನ ವಾಟ್ಸ್‌ಆಪ್ ಗುಂಪಿಗೇ ಬಂತು. ಶಾಲೆಯಲ್ಲಿ ಹುಡುಗರು ಅವಳ ಅಳುವನ್ನು ಅಣಕಿಸಿದರು. ಅಪ್ಪ ಬಾಗಿಲಲ್ಲೇ ನಿಂತು ಕೇಳಿದ: "ನಮ್ಮನಿ ಬಡತಾನ ಜಗತ್ತಿಗೆಲ್ಲ ತೋರ್ಸಿ ನೀವೇನ್ ಗಳಿಸಿದ್ರಿ ಅಕ್ಕಾರ?" ಹುಡುಗಿ ಮತ್ತೆ ಶಾಲೆ ಬಿಟ್ಟಳು.

ಅವರನ್ನು ಕಳಿಸುವಾಗ ಅಕ್ಕ ಇದನ್ನು ಕೆಲಸದ ದಣಿವು ಎಂದಿದ್ದರು. ನನಗೆ ಹಾಗನ್ನಿಸಲಿಲ್ಲ. ದಣಿವಿಗೆ ರಜೆ ಕೊಟ್ಟರೆ ಸ್ವಲ್ಪವಾದರೂ ಇಳಿಯುತ್ತದೆ; ಇವರು ರಜೆ ಹಾಕಿದಷ್ಟೂ ಹೆಚ್ಚು ಒದ್ದಾಡಿದ್ದರು. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ ಅಮೆರಿಕದ ಮನೋವೈದ್ಯ ಜೋನಥನ್ ಶೇ ನೈತಿಕ ಗಾಯದ ಬಗ್ಗೆ ಬರೆದಿದ್ದಾರೆ. ತಾನು ಸರಿಯೆಂದು ನಂಬಿದ್ದಕ್ಕೆ ವಿರುದ್ಧವಾದದ್ದರಲ್ಲಿ ಪಾಲುಗೊಂಡ ಮೇಲೆ ಉಳಿಯುವ ನೋವು ಅದು. ಯುದ್ಧವೇ ಆಗಬೇಕಿಲ್ಲ. ಇಂಥ ನೋವಿಗೆ "ನಿಮ್ಮದೇನೂ ತಪ್ಪಿಲ್ಲ ಬಿಡಿ" ಎಂಬ ಸಮಾಧಾನ ಹೇಳಿದರೆ, ಅವರ ಪಾಲಿಗೆ ಉಳಿದಿರುವ ಮರ್ಯಾದೆಯನ್ನೂ ಕಸಿದಂತೆ. ಆ ಮಾತು ನಾನು ಹೇಳಲಿಲ್ಲ.

ಅವರ ಮನಸ್ಸಿನಲ್ಲಿ ಎರಡು ಬೇರೆ ಸಂಗತಿಗಳು ಹೆಣೆದುಕೊಂಡಿದ್ದವು. ಜನರ ಮುಂದೆ ಹೋಗಿ ಕೇಳುವ ನಾಚಿಕೆ ಒಂದು. ಹುಡುಗಿಯ ಮುಖವನ್ನು ಬಳಸಿಕೊಂಡ ಅಪರಾಧಭಾವ ಇನ್ನೊಂದು. ಎರಡನೆಯದಕ್ಕೆ ಕಾರಣವಿದೆ, ಪರಿಹಾರವೂ ಬೇಕು. ಮೊದಲನೆಯದು ಅನಗತ್ಯ ಭಾರ. ಅವರ ಅಜ್ಜ ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ ಉಂಡು ಓದಿದವರು ಎಂದು ಮಾತಿನ ನಡುವೆ ಬಂತು. ಆ ಅನ್ನ ಎಲ್ಲಿಂದ ಬಂತು ಎಂದು ಕೇಳಿದೆ. ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ತಂದದ್ದು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳೂ ದಾಸೋಹಕ್ಕಾಗಿ ಹಾಗೆ ತಿರುಗಿದವರೇ. ಎಲ್ಲರ ಎದುರು, ಹಗಲಲ್ಲಿ ಕೇಳಿದರು. ಅದನ್ನು ಯಾರೂ ಕೀಳೆಂದು ಕಾಣಲಿಲ್ಲ. ಆದರೆ ಬಾಗಿಲಿಗೆ ಬಂದು ನಿಂತದ್ದು ಕೇಳುವವರ ಮುಖ; ಹಸಿದ ಹುಡುಗನನ್ನು ಕರೆತಂದು ಅಂಗಳದಲ್ಲಿ ಅಳಿಸಲಿಲ್ಲ. ಇದನ್ನು ಕೇಳಿ ಅವರು ಬಹಳ ಹೊತ್ತು ಸುಮ್ಮನಿದ್ದು, "ಹಂಗಂದ್ರ ನಾನs ನಿಂದರಬೇಕಲ್ರೀ" ಎಂದರು.

ಮೊದಲ ಸಲಹೆ, ನಿದ್ದೆ ಸರಿಹೋಗುವವರೆಗೆ ರಾಜೀನಾಮೆಯ ತೀರ್ಮಾನ ಬೇಡ. ಸಂಜೆಯ ಮೇಲೆ ಖಾತೆ ಬೇರೆ ಸಹೋದ್ಯೋಗಿಯ ಬಳಿ ಇರಲಿ, ಇವರ ಫೋನಿನಿಂದ ಆ ಆಪ್ ತೆಗೆಯಲಿ. ಎದೆಯುರಿಗೆ ವೈದ್ಯರನ್ನು ಕಾಣಲಿ. ಇದಿಷ್ಟೂ ಸುಲಭವಾಗಿಯೇ ಆಯಿತು.

ಕಷ್ಟವಾದದ್ದು ಹುಡುಗಿಯ ಮನೆ. ಹೋಗಲೇಬೇಕು, ಆದರೆ ತಮ್ಮ ಎದೆ ಹಗುರ ಮಾಡಿಕೊಳ್ಳಲು ಹೋಗಬಾರದು ಎಂದೆ. ಆ ವಿಡಿಯೊವನ್ನು ಖಾತೆಯಿಂದ ಅಳಿಸಿ ಹೋಗಿ. ಅದನ್ನು ಬೇರೆಯವರು ಹಾಕಿಕೊಂಡಿರುವ ಕಡೆಯಲ್ಲೂ ತೆಗೆಸಲು ದೂರು ಕೊಡಿ. ಆದರೂ ಎಲ್ಲಾದರೂ ಉಳಿದಿರುತ್ತದೆ, ಅದನ್ನು ಮುಚ್ಚಿಡದೆ ಹೇಳಿ. ಫೋನ್ ಹೊರಗೇ ಇರಲಿ. ಆ ಮನೆಗೆ ಬೇಕಾದ ಹಿರಿಯ ಹೆಂಗಸೊಬ್ಬರು ಜೊತೆಗಿರಲಿ. ತಂದೆ ಬೈದರೆ ಸಮರ್ಥನೆ ಕೊಡಬೇಡಿ. ಹುಡುಗಿಗೆ ಏನು ಬೇಕು ಎಂದು ಅವಳನ್ನೇ ಕೇಳಿ. ಅವಳು ಕೇಳಿದ್ದು ಒಂದೇ: ಆ ಶಾಲೆ ಬೇಡ, ಓದು ಬೇಕು. ಈಗ ಬೇರೆ ಊರಿನ ಹಾಸ್ಟೆಲಿನಲ್ಲಿದ್ದಾಳೆ. ತಂದೆ ಇನ್ನೂ ಇವರ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಅದು ಅವರ ಹಕ್ಕು ಎಂದು ಇವರಿಗೆ ಹೇಳಿದ್ದೇನೆ.

ಕಾನೂನಿನ ಮಾತೂ ಇದೆ. ಹುಡುಗಿಯ ಪ್ರಕರಣ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಿತ್ತು. ಅಂಥ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಹತ್ತುವ ಯಾವ ವಿವರವನ್ನೂ ಪ್ರಕಟಿಸಬಾರದು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್. ಮೀರಿದರೆ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಂಸ್ಥೆಯಲ್ಲಿ ಯಾರೂ ಇದನ್ನು ಇವರಿಗೆ ಹೇಳಿರಲಿಲ್ಲ. ಕೈಗೆ ಖಾತೆ ಕೊಡುವ ಮುನ್ನ ಇಷ್ಟನ್ನಾದರೂ ಕಲಿಸಬೇಕಿತ್ತು, ಮತ್ತು ಹೊಣೆ ಇವರೊಬ್ಬರದಲ್ಲ. ಆದ್ದರಿಂದ ಒಬ್ಬರೇ ಒದ್ದಾಡುವ ಬದಲು ಸಂಸ್ಥೆಯ ಸಭೆಯಲ್ಲಿ ಇದನ್ನು ಬರವಣಿಗೆಯಲ್ಲಿ ಇಡಿ ಎಂದೆ. ಮಕ್ಕಳ ಮುಖ ಬೇಡ. ದೊಡ್ಡವರದಾದರೆ, ವಿಡಿಯೊ ಸಿದ್ಧವಾದ ಮೇಲೆ ಅವರ ಮನೆಯಲ್ಲೇ ತೋರಿಸಿ, ಊರಲ್ಲಿ ಇದನ್ನು ಯಾರ್ಯಾರು ನೋಡಬಹುದು ಎಂದು ವಿವರಿಸಿ, ಆಮೇಲೆ ಒಪ್ಪಿಗೆ ಕೇಳಬೇಕು. ನಾಳೆ ಬೇಡ ಎಂದರೆ ತೆಗೆಯಬೇಕು. ಅಕ್ಕಿ, ಪುಸ್ತಕ ಕೊಡುವ ಹೊತ್ತಿನಲ್ಲಿ ಒಪ್ಪಿಗೆ ಕೇಳಲೇಬಾರದು. ಆಗ ಬೇಡ ಎನ್ನುವ ಧೈರ್ಯ ಯಾರಿಗಿರುತ್ತದೆ?

"ಮಕ ಇಲ್ಲಂದ್ರ ರೊಕ್ಕ ಬರೂದಿಲ್ಲಲ್ರೀ" ಎಂದರು. ನಿಜ. 2007ರಲ್ಲಿ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್, ಪಾಲ್ ಸ್ಲೋವಿಕ್ ಪ್ರಕಟಿಸಿದ ಅಧ್ಯಯನವೂ ಅದನ್ನೇ ಹೇಳುತ್ತದೆ: ಲಕ್ಷಾಂತರ ಜನರ ಹಸಿವಿನ ಅಂಕಿ ಅಂಶ ಓದಿದವರಿಗಿಂತ, ಮಾಲಿ ದೇಶದ ಒಬ್ಬ ಹುಡುಗಿಯ ಬಗ್ಗೆ ಓದಿದವರು ಹೆಚ್ಚು ಕೊಟ್ಟರು. ಮಕ್ಕಳ ಮುಖ ಬಿಟ್ಟರೆ ಹಣ ಕಡಿಮೆಯಾಗಬಹುದು, ಆ ನಷ್ಟವನ್ನು ಸಂಸ್ಥೆ ಗೊತ್ತಿದ್ದೇ ಒಪ್ಪಿಕೊಳ್ಳಬೇಕು ಎಂದೆ. ಆದರೆ ಆ ಒಂದು ಮುಖ ಮಗುವಿನದೇ ಆಗಬೇಕಿಲ್ಲ.

ಈಗ ವಿಡಿಯೊಗಳಲ್ಲಿ ಅವರೇ ಇರುತ್ತಾರೆ. ಹತ್ತಿ ಹೊಲದ ಬದುವಿನಲ್ಲಿ ನಿಂತು ಕ್ರಾಸಿಂಗ್ ಹೇಗೆ ಮಾಡುತ್ತಾರೆ, ದಿನಗೂಲಿ ಎಷ್ಟು, ಮುಂಗಡ ಪಡೆದ ಮನೆಯ ಮಗು ಯಾಕೆ ಶಾಲೆಗೆ ಬರಲಾಗದು ಎಂದು ತಮ್ಮ ಮಾತಿನಲ್ಲೇ ಹೇಳುತ್ತಾರೆ. ಹಿಂದೆ ಆ ಹೊಲಗಳಲ್ಲೇ ದುಡಿದು ಈಗ ನರ್ಸಿಂಗ್ ಓದುತ್ತಿರುವ ಯುವತಿಯೊಬ್ಬಳು ತಾನೂ ಮಾತಾಡುತ್ತೇನೆಂದು ಮುಂದೆ ಬಂದಳು. ತಿಂಗಳ ಖರ್ಚಿನ ಲೆಕ್ಕವನ್ನೂ ಹಾಕುತ್ತಾರೆ. ನೋಡುವವರು ಕಡಿಮೆ, ಆದರೆ ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಕೊಡುವವರು ಕೆಲವರು ಸಿಕ್ಕಿದ್ದಾರೆ. ನಿದ್ದೆ ಬಹುಪಾಲು ಸರಿಯಾಗಿದೆ.

ಇನ್ನೊಂದು ತೊಡಕು ಬಂದಿದೆ. ದಾನಿಯೊಬ್ಬರು ಮಕ್ಕಳ "ಮೊದಲು–ಆಮೇಲೆ" ಫೋಟೋ ಬೇಕೇ ಬೇಕು ಎನ್ನುತ್ತಿದ್ದಾರೆ. ಹೆಸರಿಲ್ಲದ ಹಾಜರಿ ಲೆಕ್ಕ ಕೊಡುತ್ತೇವೆ, ಬಂದು ಶಾಲೆ ನೋಡಿ, ಫೋಟೋ ಮಾತ್ರ ಕೇಳಬೇಡಿ ಎಂದು ಪತ್ರ ಬರೆಯಲು ಇಬ್ಬರೂ ಕೂತು ಕರಡು ಮಾಡಿದೆವು. ಉತ್ತರ ಬಂದಿಲ್ಲ. ಆ ಹಣ ಬಾರದಿದ್ದರೆ ಯಾವ ಊರಿನ ಕೆಲಸ ನಿಲ್ಲಿಸಬೇಕಾದೀತು ಎಂದು ಸಂಸ್ಥೆಯವರು ಲೆಕ್ಕ ಹಾಕುತ್ತಿದ್ದಾರೆ, ಆ ಸಭೆಗಳಿಗೆ ಅವರೂ ಹೋಗುತ್ತಿದ್ದಾರೆ.