ಸಂಪಾದಕರ ಉತ್ತರ: ಗೆಳೆಯನ ಹತ್ತಿರ ಕಾಗದ ಕೇಳೋದು ಹೇಗೆ?

ಗೋಕಾಕ ತಾಲ್ಲೂಕಿನಿಂದ ನಿವೃತ್ತ ಹವಾಲ್ದಾರರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. 24 ವರ್ಷದ ಸೇವೆ ಮುಗಿದಿದೆ, ಈಗ ವಯಸ್ಸು 43. ಕೈಗೆ ಬಂದ ಹಣದಲ್ಲಿ 15 ಲಕ್ಷವನ್ನು ಒಂದು ಕ್ರೆಡಿಟ್ ಸೊಸೈಟಿಯಲ್ಲಿ ಇಡು, ಶೇ. 13 ಬಡ್ಡಿ ಸಿಗುತ್ತದೆ ಎಂದು ಒಂದೇ ಪ್ಲಟೂನಿನಲ್ಲಿದ್ದ ಗೆಳೆಯ ಬೆನ್ನು ಬಿದ್ದಿದ್ದಾರಂತೆ. ಇತ್ತ ತಮ್ಮನಿಗೆ ಟ್ರ್ಯಾಕ್ಟರ್ ಬೇಕಂತೆ. “ಗಡಿಯಲ್ಲಿ ನನ್ನ ಜೀವ ಅವನ ಕೈಯಲ್ಲಿತ್ತು. ಅಂಥವನ ಹತ್ತಿರ ಸೊಸೈಟಿಯ ಕಾಗದಪತ್ರ ಕೇಳೋದು ಹೇಗೆ ಸಾರ್? ಸೈನ್ಯದ ನಂಬಿಕೆ ದುಡ್ಡಿನ ವಿಷಯಕ್ಕೆ ಬರೋದಿಲ್ವಾ?” ಎಂದು ಕೇಳಿದ್ದಾರೆ.

ಹವಾಲ್ದಾರ್ ಸಾಹೇಬರೇ,

ಬರುತ್ತದೆ. ಆದರೆ ನೀವು ಅದರಲ್ಲಿ ಅರ್ಧವನ್ನಷ್ಟೇ ಊರಿಗೆ ತಂದ ಹಾಗೆ ಕಾಣುತ್ತದೆ.

ರೇಂಜಿನಲ್ಲಿ ಫೈರಿಂಗ್ ಮುಗಿದ ಮೇಲೆ ಏನಾಗುತ್ತಿತ್ತು, ನೆನಪಿಸಿಕೊಳ್ಳಿ. ‘ಖಾಲಿ ಕರ್’, ‘ಜಾಂಚ್ ಶಸ್ತ್ರ’ ಎಂದು ಹುಕುಂ ಬರುತ್ತದೆ. ರೈಫಲ್ ಖಾಲಿ ಇದೆ ಎಂದು ನಿಮಗೆ ಗೊತ್ತೇ ಇರುತ್ತದೆ. ಆದರೂ ಚೇಂಬರ್ ತೆರೆದು ಹಿಡಿಯುತ್ತೀರಿ. ಉಸ್ತಾದರು ಬಗ್ಗಿ ನೋಡಿಯೇ ಪಕ್ಕದವರ ಹತ್ತಿರ ಹೋಗುತ್ತಾರೆ. “ನನ್ನ ಮೇಲೆ ನಂಬಿಕೆ ಇಲ್ವಾ ಉಸ್ತಾದ್?” ಎಂದು ಯಾರಾದರೂ ಸಿಟ್ಟಾಗಿದ್ದುಂಟಾ? ಹೊಸ ರಿಕ್ರೂಟನದ್ದೂ ನೋಡುತ್ತಾರೆ, ಇಪ್ಪತ್ತು ವರ್ಷ ಸರ್ವಿಸ್ ಆದವರದ್ದೂ ನೋಡುತ್ತಾರೆ. ದಿನಾ ಹೀಗೆ ನೋಡಿ ನೋಡಿಯೇ ನಿಮ್ಮಲ್ಲಿ ಆ ನಂಬಿಕೆ ಬೆಳೆದಿದ್ದು. ಊರಿಗೆ ಬಂದ ಮೇಲೆ ಕಾಗದ ಕೇಳೋಕೆ ಸಂಕೋಚ ಯಾಕೆ?

ಗೆಳೆಯರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಅವರು ಸೊಸೈಟಿಯ ಲೆಕ್ಕ ನೋಡಿದ್ದಾರಾ, ಠೇವಣಿ ತಂದುಕೊಟ್ಟರೆ ಅವರಿಗೆ ಕಮಿಷನ್ ಇದೆಯಾ? ಎರಡನ್ನೂ ಮುಖಾಮುಖಿ ಕೇಳಿ. ಆಡಿಟ್ ವರದಿಯ ಪ್ರತಿ ತರಿಸಿಕೊಳ್ಳಿ. ಸೊಸೈಟಿಗಳೆಲ್ಲ ಕೆಟ್ಟವು ಅಂತಲ್ಲ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮದುವೆ, ಎಷ್ಟೋ ಎಕರೆ ಕಬ್ಬು ಅವುಗಳ ಸಾಲದ ಮೇಲೆಯೇ ನಡೆದಿವೆ. ಆದರೆ ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿ, ಅಸಲು ಬಡ್ಡಿ ಕೂಡಿ 5 ಲಕ್ಷದವರೆಗೆ ವಿಮೆ ಇದೆ. ಕ್ರೆಡಿಟ್ ಸೊಸೈಟಿಗೂ, ಬ್ಯಾಂಕ್ ಅಲ್ಲದ ಸೌಹಾರ್ದ ಸಹಕಾರಿಗೂ ಆ ವಿಮೆ ಇಲ್ಲ. ಬೋರ್ಡು ಮಾತ್ರ ದೂರದಿಂದ ಒಂದೇ ಥರ ಕಾಣುತ್ತದೆ. ಹದಿನೈದಕ್ಕೆ ಹದಿನೈದೂ ಲಕ್ಷ ಅಲ್ಲೇ ಇಡುವುದಂತೂ ಬೇಡವೇ ಬೇಡ. ಪೆಟ್ರೋಲಿಂಗ್‌ನಲ್ಲಿ ಎಲ್ಲರೂ ಒಂದೇ ಕಡೆ ಗುಂಪಾಗಿ ನಡೆಯುತ್ತಿದ್ದಿರಾ?

ಇನ್ನೊಂದು ಮಾತು. ಪಿಂಚಣಿಯ ಒಂದು ಭಾಗವನ್ನು ಕಮ್ಯುಟೇಶನ್ ಮಾಡಿಸಿ ಒಟ್ಟಿಗೆ ತೆಗೆದುಕೊಂಡಿದ್ದೀರಿ ಎಂದು ಬರೆದಿದ್ದೀರಿ. ಅದು ಬೋನಸ್ ಅಲ್ಲ. 15 ವರ್ಷ ನಿಮ್ಮ ತಿಂಗಳ ಪಿಂಚಣಿಯಲ್ಲಿ ಆ ಭಾಗ ಕಡಿತವಾಗುತ್ತಲೇ ಇರುತ್ತದೆ. ಅಂದರೆ ಮುಂದೆ ಉಣ್ಣಬೇಕಾದ ಅನ್ನವನ್ನೇ ಈಗ ಒಟ್ಟಿಗೆ ಬಡಿಸಿಕೊಂಡಿದ್ದೀರಿ. ಅವಸರವೂ ಇಲ್ಲ. ಹಿರಿಯ ನಾಗರಿಕರ ಉಳಿತಾಯ ಯೋಜನೆ ಬೇರೆಯವರಿಗೆ ಸಾಮಾನ್ಯವಾಗಿ 60ಕ್ಕೆ ಸಿಕ್ಕರೆ, ನಿವೃತ್ತ ಸೈನಿಕರಿಗೆ 50ಕ್ಕೇ ಬಾಗಿಲು ತೆರೆಯುತ್ತದೆ. 30 ಲಕ್ಷದವರೆಗೆ ಇಡಬಹುದು. ಅಲ್ಲಿಯವರೆಗಿನ ಏಳು ವರ್ಷಕ್ಕೆ ಬ್ಯಾಂಕು, ಅಂಚೆ ಕಚೇರಿಯ ಠೇವಣಿ ಸಾಕು. ಬಡ್ಡಿ ಸ್ವಲ್ಪ ಕಡಿಮೆ ಬರಲಿ ಬಿಡಿ.

ನನಗೆ ಜಾಸ್ತಿ ಚಿಂತೆ ಹತ್ತಿಸಿದ್ದು ಸೊಸೈಟಿ ಅಲ್ಲ. ಎರಡು ಪುಟದಲ್ಲಿ ಗೆಳೆಯ ಇದ್ದಾರೆ, ತಮ್ಮ ಇದ್ದಾನೆ, ಪಿಯುಸಿ ಓದುವ ಮಗಳಿದ್ದಾಳೆ. ನಿಮ್ಮ ಮನೆಯವರ ಬಗ್ಗೆ ಒಂದು ಸಾಲೂ ಇಲ್ಲ! ನೀವು ಸೂಟಿಗೆ ಬಂದು ಹೋಗುತ್ತಿದ್ದ 24 ವರ್ಷ ಸಂಸಾರ ನಡೆಸಿದವರು ಯಾರು? ಆಳಿನ ಕೂಲಿ, ಶಾಲೆ ಫೀಸು, ಭಿಶಿ (ಚೀಟಿ) ಕಂತು, ಎಲ್ಲದರ ಲೆಕ್ಕ ಅವರ ಬಾಯಲ್ಲೇ ಇರುತ್ತದೆ. ಊರಲ್ಲಿ ಯಾರಿಗೆ ಕೊಟ್ಟ ದುಡ್ಡು ವಾಪಸ್ ಬರುತ್ತದೆ, ಯಾರಿಗೆ ಕೊಟ್ಟದ್ದು ಬರುವುದಿಲ್ಲ ಎಂಬುದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಕಾರ್ಯಾಚರಣೆಗೆ ಮುಂಚೆ ಮರಳಿನ ಮಾದರಿ ಮಾಡಿ, ಇದು ನಾಲೆ, ಇದು ಗುಡ್ಡ ಎಂದು ತೋರಿಸಿ, ಕಡೆಯ ಜವಾನನಿಂದಲೂ “ನಿನ್ನ ಕೆಲಸ ಏನು?” ಎಂದು ತಿರುಗಿ ಹೇಳಿಸುತ್ತಿದ್ದರಲ್ಲವೇ? ಕಮಾಂಡರ್ ಬಿದ್ದರೂ ಕೆಲಸ ನಿಲ್ಲಬಾರದು ಅಂತ. ನಿಮ್ಮ ಮನೆಯಲ್ಲಿ ಆ ಬ್ರೀಫಿಂಗ್ ಆಗಿದೆಯಾ? ಪಿಪಿಒ (ಪಿಂಚಣಿ ಪಾವತಿ ಆದೇಶ) ಯಾವ ಪೆಟ್ಟಿಗೆಯಲ್ಲಿದೆ, ಸೈನಿಕರ ಪಿಂಚಣಿಯ ಸ್ಪರ್ಶ್ ಪೋರ್ಟಲ್ಲಿಗೆ ಹೋಗುವುದು ಹೇಗೆ, ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಕೊಡಬೇಕು ಎಂಬುದು ಅವರಿಗೆ ಗೊತ್ತಿದೆಯಾ? ಒಂದು ಭಾನುವಾರ ಎಲ್ಲ ಕಾಗದ ಚಾಪೆಯ ಮೇಲೆ ಹರಡಿ, ಇಬ್ಬರೂ ಕೂತು ನೋಡಿ. ಮಗಳನ್ನೂ ಕೂರಿಸಿಕೊಳ್ಳಿ.

ಆಗ ಹೆಸರನ್ನೂ ಹೊಂದಿಸಿ ನೋಡಿ. ನಮ್ಮ ಕಡೆ ಮದುವೆಯಲ್ಲಿ ಸೊಸೆಯ ಹೆಸರು ಬದಲಾಯಿಸುವ ರೂಢಿ ಕೆಲವು ಮನೆಗಳಲ್ಲಿದೆ. ಆಧಾರ್‌ನಲ್ಲಿ ತವರಿನ ಹೆಸರು, ಪಿಪಿಒದಲ್ಲಿ ಗಂಡನ ಮನೆಯ ಹೆಸರು. ನಾಳೆ ಕುಟುಂಬ ಪಿಂಚಣಿ ಕೇಳಲು ಹೋದಾಗ ಇದೇ ತೊಡಕಾಗುತ್ತದೆ. ನೀವಿರುವಾಗಲೇ ಸರಿಪಡಿಸುವುದು ಸುಲಭ. ಬೆಳಗಾವಿಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಸೇವಾ ದಾಖಲೆ ಇಡುವ ನಿಮ್ಮ ರೆಕಾರ್ಡ್ ಆಫೀಸಿಗೂ ಬರೆಯಿರಿ.

ಇನ್ನು ಟ್ರ್ಯಾಕ್ಟರ್. ಕೊಡಬೇಡಿ ಎಂದು ನಾನು ಹೇಳುವುದಿಲ್ಲ, ಅದು ಅಣ್ಣತಮ್ಮಂದಿರ ವಿಷಯ. ಆದರೆ ಕೊಡುವ ದುಡ್ಡು ಸಾಲವೋ ಸಹಾಯವೋ, ಆರ್‌ಸಿ ಯಾರ ಹೆಸರಿಗೆ, ಬ್ಯಾಂಕ್ ಸಾಲವಾದರೆ ಜಾಮೀನು ಹಾಕುವವರು ಯಾರು ಎಂಬುದನ್ನು ನಿಮ್ಮ ಮನೆಯವರು, ತಮ್ಮನ ಮನೆಯವರು ಇಬ್ಬರೂ ಎದುರಿಗಿರುವಾಗಲೇ ಮಾತಾಡಿ, ಒಂದು ಹಾಳೆಯ ಮೇಲೆ ಬರೆದಿಡಿ. ಷೋರೂಮಿಗೆ ಆಮೇಲೆ ಹೋಗಿ.