ಹಳೆಯ ರಿಮೋಟ್ ಕಾರಿನ ತುಕ್ಕು ಸ್ಕ್ರೂಗಳು

ಪ್ರಶ್ನೆ: 1980ರ ದಶಕದ ಜಪಾನಿನ ರಿಮೋಟ್ ಕಾರು ಬಿಚ್ಚಿದ್ದೇನೆ. ಸ್ಕ್ರೂ, ಇ-ಕ್ಲಿಪ್ (ಶಾಫ್ಟ್‌ನ ಕಚ್ಚಿನಲ್ಲಿ ಕೂರುವ E ಆಕಾರದ ಸಣ್ಣ ಕ್ಲಿಪ್) ಎಲ್ಲ ತುಕ್ಕು ಹಿಡಿದು ಬೆರೆತುಹೋಗಿವೆ. ಗುರುತಿಸಿ ಶುಚಿ ಮಾಡುವುದು ಹೇಗೆ?

ಉತ್ತರ: ಥ್ರೆಡ್ ನೋಡಿ. ಒತ್ತೊತ್ತಾಗಿದ್ದರೆ ನಟ್‌ಗೆ ಹೋಗುವ ಸ್ಕ್ರೂ, 3 ಮಿ.ಮೀ. ದಪ್ಪದ್ದಕ್ಕೆ ಥ್ರೆಡ್ ಅಂತರ ಸಾಮಾನ್ಯವಾಗಿ 0.5 ಮಿ.ಮೀ. ದೂರದೂರ ಇದ್ದರೆ ಪ್ಲಾಸ್ಟಿಕ್ಕನ್ನು ಕೊರೆದುಕೊಂಡು ಹೋಗುವಂಥದ್ದು. ಅದಲುಬದಲಾದರೆ ಪ್ಲಾಸ್ಟಿಕ್ ರಂಧ್ರ ಕೆಟ್ಟು ಹಿಡಿತ ತಪ್ಪುತ್ತದೆ. ಬಿಚ್ಚಲು ಜೆಐಎಸ್ (ಜಪಾನಿನ ಮಾನದಂಡದ) ಸ್ಕ್ರೂಡ್ರೈವರೇ ಬೇಕು. ಮಾಮೂಲಿ ಪ್ಲಸ್ ಆಕಾರದ ಫಿಲಿಪ್ಸ್ ಡ್ರೈವರ್ ಜಾರಿ ಸ್ಕ್ರೂ ತಲೆ ಸವೆಯುತ್ತದೆ.

ಸ್ಕ್ರೂಗಳನ್ನು ಬಿಳಿ ವಿನೆಗರ್‌ನಲ್ಲಿ ಕೆಲವು ಗಂಟೆ ನೆನೆಸಿ, ಬ್ರಷ್‌ನಿಂದ ಉಜ್ಜಿ, ಅಡುಗೆ ಸೋಡಾ ನೀರಲ್ಲಿ ತೊಳೆದು, ತಕ್ಷಣ ಒಣಗಿಸಿ ಎಣ್ಣೆ ಸವರಿ. ಸತುವಿನ ಲೇಪ ಉಳಿದಿದ್ದರೆ ವಿನೆಗರ್ ಬೇಡ, ಲೇಪವನ್ನೇ ತಿಂದುಹಾಕುತ್ತದೆ.

ಇ-ಕ್ಲಿಪ್‌ಗಳನ್ನಂತೂ ಆಮ್ಲಕ್ಕೆ ಹಾಕಲೇಬೇಡಿ. ಆ ಗಡಸು ಉಕ್ಕು ಪೆಡಸಾಗಿ ಮುರಿಯಬಹುದು. ಹೊಸದನ್ನೇ ಹಾಕಿ. ಅಳತೆಗೆ ಶಾಫ್ಟ್‌ನಲ್ಲಿರುವ ಕಚ್ಚಿನ ವ್ಯಾಸ ತೆಗೆದುಕೊಳ್ಳಿ, ಹಳೆಯ ಕ್ಲಿಪ್ ಹಿಗ್ಗಿರುತ್ತದೆ.